ಯೂರಿಯಾ ಬೇಡುವ ಬೀಜ, ಸಾವಯವ ಬಯಸುವ ತಟ್ಟೆ

ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ದಿನಸಿ ಚೀಟಿಯಲ್ಲಿ ಈಚಿನ ವರ್ಷಗಳಲ್ಲಿ ‘ಸಾವಯವ’ ಎಂಬ ಪದ ಸೇರಿಕೊಂಡಿದೆ. ತೊಗರಿಬೇಳೆ, ಜೋಳ, ರಾಗಿ, ಅಕ್ಕಿ, ಬೆಲ್ಲಗಳಿಗೆ ಮಾಮೂಲಿ ದರಕ್ಕಿಂತ ಹೆಚ್ಚು ತೆತ್ತು ಕೊಳ್ಳುವ ಮನೆಗಳು ಹಲವು. ಮಕ್ಕಳ ಆರೋಗ್ಯ ಅದಕ್ಕೊಂದು ಕಾರಣ; ಹೊಲದಲ್ಲಿ ವಿಷಕ್ಕೆ ಸಿಕ್ಕಿ ಸಾಯುವ ಅಸಂಖ್ಯ ಜೀವಿಗಳ ನೆನಪು ಇನ್ನೊಂದು. ಪೊಟ್ಟಣವನ್ನು ತಿರುವಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವುದು ಜೈನ ಗೃಹಿಣಿಗೆ ಹೊಸ ಅಭ್ಯಾಸವೇನೂ ಅಲ್ಲ. ಬೆಳ್ಳುಳ್ಳಿ ಇದೆಯೇ, ಜೆಲಟಿನ್ ಇದೆಯೇ, ಮೊಟ್ಟೆಯ ಅಂಶವಿದೆಯೇ ಎಂದು ಹುಡುಕುವ ಕಣ್ಣು ಈಗ ಸಾವಯವ ಮುದ್ರೆಯನ್ನೂ ಹುಡುಕುತ್ತದೆ.

ಆದರೆ ಆ ಮುದ್ರೆ ಒಂದು ಸಂಗತಿಯನ್ನು ಹೇಳುವುದಿಲ್ಲ. ರಾಸಾಯನಿಕ ಗೊಬ್ಬರ ಹಾಕಿಲ್ಲ, ಕೀಟನಾಶಕ ಸಿಂಪಡಿಸಿಲ್ಲ, ಕುಲಾಂತರಿ ಬೀಜ ಬಿತ್ತಿಲ್ಲ ಎಂಬುದಷ್ಟಕ್ಕೆ ಅದು ಸಾಕ್ಷಿ. ಬಿತ್ತಿದ ತಳಿಯನ್ನು ಯಾವ ಬಗೆಯ ಬೇಸಾಯಕ್ಕಾಗಿ ರೂಪಿಸಲಾಗಿತ್ತು ಎಂಬ ಪ್ರಶ್ನೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಭಾರತದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮಗಳು ಸಾವಯವ ಬೀಜಕ್ಕೆ ಮೊದಲ ಸ್ಥಾನ ಕೊಡುತ್ತವೆ. ಅದು ಸಿಗದ ಕಡೆ ರಾಸಾಯನಿಕ ಬೀಜೋಪಚಾರ ಮಾಡದ ಸಾಮಾನ್ಯ ಬೀಜವನ್ನು ಬಳಸಲು ಅವಕಾಶ ನೀಡುತ್ತವೆ. ಹೆಚ್ಚಿನ ಕಡೆ ಅದು ಸಿಗುವುದಿಲ್ಲ. ನೆದರ್‌ಲ್ಯಾಂಡ್ಸ್‌ನ ತಳಿ ವಿಜ್ಞಾನಿ ಎಡಿತ್ ಲ್ಯಾಮರ್ಟ್ಸ್ ವಾನ್ ಬ್ಯೂರೆನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪರಾಮರ್ಶನ ಲೇಖನದ ಅಂದಾಜಿನಂತೆ, ಸಾವಯವ ಉತ್ಪಾದನೆಯ ಶೇ 95ಕ್ಕೂ ಹೆಚ್ಚಿನ ಭಾಗ ನಿಂತಿರುವುದು ಅಧಿಕ ಒಳಸುರಿಯ ರಾಸಾಯನಿಕ ಬೇಸಾಯಕ್ಕಾಗಿ ರೂಪುಗೊಂಡ ತಳಿಗಳ ಮೇಲೆ. ಸಾವಯವ ಆಹಾರಕ್ಕೆ ಹೆಚ್ಚು ಹಣ ತೆರುವ ಗ್ರಾಹಕ, ಆ ಬೇಸಾಯದ ಮೂಲವಸ್ತುವಾದ ಬೀಜದ ಮೇಲೆ ಏನನ್ನೂ ಹೂಡಿಲ್ಲ ಎಂಬುದೇ ಇದರ ಅರ್ಥ. ಸರ್ಕಾರವೂ ಹೂಡಿದ್ದು ಅತ್ಯಲ್ಪ.

ಇಂದಿನ ಬೀಜಗಳು ಹೀಗೇಕೆ ಇವೆ ಎಂಬುದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. 1966ರಲ್ಲಿ ಭಾರತ ಸುಮಾರು ಒಂದು ಕೋಟಿ ಟನ್ ಧಾನ್ಯವನ್ನು ಆಮದು ಮಾಡಿಕೊಂಡಿತ್ತು. ಅದೇ ವರ್ಷ ಮೆಕ್ಸಿಕೋದಿಂದ 18,000 ಟನ್ ಗೋಧಿ ಬೀಜ ಬಂತು; ಲೆರ್ಮಾ ರೋಹೊ ಮತ್ತು ಸೊನೋರಾ ಎಂಬ ಗಿಡ್ಡ ತಳಿಗಳವು. ಅದೇ ವರ್ಷ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಐಆರ್8 ಭತ್ತವನ್ನು ಬಿಡುಗಡೆ ಮಾಡಿತು. ಹಳೆಯ ಎತ್ತರದ ತಳಿಗಳಿಗೆ ಯೂರಿಯಾ ಹೆಚ್ಚಾದರೆ ಪೈರು ಉದ್ದಕ್ಕೆ ಬೆಳೆದು, ತೆನೆಯ ಭಾರ ತಾಳದೆ ನೆಲಕ್ಕೊರಗುತ್ತಿತ್ತು. ಗಿಡ್ಡ ತಳಿಗಳು ಎಷ್ಟು ಸಾರಜನಕ ಉಣಿಸಿದರೂ ಒರಗದೆ, ಉಂಡದ್ದನ್ನು ಕಾಳಿಗೆ ಒಪ್ಪಿಸಿದವು. ಹಸಿವಿನ ಅಂಚಿನಲ್ಲಿದ್ದ ದೇಶಕ್ಕೆ ಅದು ದೊಡ್ಡ ಆಸರೆಯಾಯಿತು. ಅಂದು ಆ ಕೆಲಸ ಮಾಡಿದವರನ್ನು ಇಂದು ಹಳಿಯುವುದು ಕೃತಘ್ನತೆಯಾಗುತ್ತದೆ. ಆದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಅಂದಿನಿಂದ ಇಂದಿನವರೆಗೆ ತಳಿ ಅಭಿವೃದ್ಧಿಯ ಮುಖ್ಯ ಧಾರೆ, ಗೊಬ್ಬರ ಮತ್ತು ಔಷಧಿ ಧಾರಾಳವಾಗಿ ಸಿಗುತ್ತವೆ ಎಂಬ ಗೃಹೀತದ ಮೇಲೆ ಹರಿದು ಬಂದಿದೆ.

ಸಾವಯವ ಹೊಲದ ಬೇಡಿಕೆ ಬೇರೆ. ಕೊಟ್ಟಿಗೆ ಗೊಬ್ಬರದಲ್ಲಿರುವ ಸಾರಜನಕ ಯೂರಿಯಾದಂತೆ ನಾಲ್ಕು ದಿನದಲ್ಲಿ ಬೇರಿಗೆ ಸಿಗುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಕರಗಿಸಿ ಕೊಡುವವರೆಗೆ ಪೈರು ಕಾಯಬೇಕು, ಆಳಕ್ಕೆ ಬೇರಿಳಿಸಿ ಹುಡುಕಬೇಕು, ಬೇರಿನೊಡನೆ ಬಾಳುವ ಶಿಲೀಂಧ್ರಗಳ ಸಹಾಯ ಪಡೆಯಬೇಕು. ಕಳೆನಾಶಕವಿಲ್ಲದ ಹೊಲದಲ್ಲಿ ಮೊಳೆತ ಕೆಲವೇ ವಾರಗಳಲ್ಲಿ ಎಲೆ ಹರಡಿ ನೆಲಕ್ಕೆ ನೆರಳು ಮಾಡುವ ತಳಿ ಮಾತ್ರ ಕಳೆಯನ್ನು ಗೆಲ್ಲುತ್ತದೆ. ತೀರ ಗಿಡ್ಡ ತಳಿ ಆ ಸ್ಪರ್ಧೆಯಲ್ಲಿ ಸೋಲುತ್ತದೆ. ರಾಸಾಯನಿಕ ಬೀಜೋಪಚಾರ ಇಲ್ಲದಿರುವಾಗ ಬೀಜದಿಂದಲೇ ಹರಡುವ ರೋಗಗಳನ್ನು ತಡೆಯುವ ಗುಣ ಬೀಜದೊಳಗೇ ಇರಬೇಕು. ದನಗಳ ಗೊಬ್ಬರವನ್ನೇ ನಂಬಿದ ಒಕ್ಕಲುತನಕ್ಕೆ ಕಾಳಿನಷ್ಟೇ ಮೇವೂ ಮುಖ್ಯ. ಗಿಡ್ಡ ತಳಿಯ ತಳಿ ವಿಜ್ಞಾನಿಗೆ ಹುಲ್ಲು ಎಂದರೆ ವ್ಯರ್ಥವಾದ ಶಕ್ತಿ. ಸಾವಯವ ರೈತನಿಗೆ ಅದೇ ಮುಂದಿನ ವರ್ಷದ ಗೊಬ್ಬರ.

ಈ ಮಾತುಗಳಿಗೆ ಹೊಲದ ಲೆಕ್ಕವೇ ಆಧಾರ ಒದಗಿಸಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 35 ಗೋಧಿ ತಳಿಗಳನ್ನು ಐದು ಸ್ಥಳಗಳಲ್ಲಿ ಸಾವಯವ ಹಾಗೂ ರಾಸಾಯನಿಕ ಪದ್ಧತಿಗಳೆರಡರಲ್ಲೂ ಬೆಳೆಸಿ ನೋಡಿದರು. ರಾಸಾಯನಿಕ ಹೊಲದಲ್ಲಿ ಗೆದ್ದವನ್ನು ಆರಿಸಿ ಸಾವಯವ ಹೊಲಕ್ಕೆ ತಂದರೆ ಸಿಗುವ ಇಳುವರಿಗಿಂತ, ಸಾವಯವ ಹೊಲದಲ್ಲೇ ನೇರವಾಗಿ ಆರಿಸಿದ ತಳಿಗಳ ಇಳುವರಿ ಐದರಲ್ಲಿ ನಾಲ್ಕು ಸ್ಥಳಗಳಲ್ಲಿ ಶೇ 5ರಿಂದ ಶೇ 31ರವರೆಗೆ ಹೆಚ್ಚಾಗಿತ್ತು. ಸಾವಯವ ಬೇಸಾಯದಲ್ಲಿ ಇಳುವರಿ ಕಡಿಮೆ ಎಂಬ ಆಕ್ಷೇಪವನ್ನು ಎತ್ತುವವರೂ ಅದನ್ನು ಅಲ್ಲಗಳೆಯುವವರೂ ಈ ಅಂಕಿಯನ್ನು ಗಮನಿಸಬೇಕು. ಆ ಕೊರತೆಯ ಒಂದು ಪಾಲು ಪದ್ಧತಿಯದ್ದಲ್ಲ, ಹೊಂದದ ಬೀಜದ್ದು.

ಭಾರತದಲ್ಲಿ ಹೊಸ ತಳಿ ರೈತನ ಕೈ ಸೇರುವ ದಾರಿ ಎಂತಹದು? ಅಖಿಲ ಭಾರತ ಸಮನ್ವಯ ಸಂಶೋಧನಾ ಯೋಜನೆಗಳ ಅಡಿಯಲ್ಲಿ ಹಲವು ಕೇಂದ್ರಗಳಲ್ಲಿ, ಹಲವು ಹಂಗಾಮುಗಳಲ್ಲಿ ತಳಿಯನ್ನು ಪರೀಕ್ಷಿಸಲಾಗುತ್ತದೆ. ಚಾಲ್ತಿಯಲ್ಲಿರುವ ತಳಿಗಿಂತ ಮೇಲೆನಿಸಿದರೆ ಅಧಿಸೂಚನೆ ಹೊರಡುತ್ತದೆ. ಈ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದು ಶಿಫಾರಸು ಮಾಡಿದ ಪ್ರಮಾಣದ ರಾಸಾಯನಿಕ ಗೊಬ್ಬರ ಹಾಕಿದ ಪ್ರಯೋಗ ತಾಕುಗಳಲ್ಲಿ. ಕಡಿಮೆ ಪೋಷಕಾಂಶದಲ್ಲಿ ಹತ್ತು ಚೀಲ ಕೊಡುವ ತಳಿಯೊಂದು, ಹೆಚ್ಚು ಪೋಷಕಾಂಶದಲ್ಲಿ ಹದಿನೈದು ಚೀಲ ಕೊಡುವ ತಳಿಯೆದುರು ಆ ತಾಕಿನಲ್ಲಿ ಸೋಲುವುದು ಖಚಿತ. ಗೊಬ್ಬರವಿಲ್ಲದ ತಾಕಿನಲ್ಲಿ ಅವೆರಡರ ಸ್ಥಾನ ಅದಲುಬದಲಾಗುತ್ತಿತ್ತೇ ಎಂದು ನೋಡುವ ಪ್ರಸಂಗವೇ ಬರುವುದಿಲ್ಲ. 2004-05ರಲ್ಲಿ ಆರಂಭವಾದ ಸಾವಯವ ಕೃಷಿಯ ಅಖಿಲ ಭಾರತ ಜಾಲ ಯೋಜನೆಯು ಚಾಲ್ತಿಯಲ್ಲಿರುವ ತಳಿಗಳಲ್ಲಿ ಯಾವುವು ಸಾವಯವಕ್ಕೆ ಒಗ್ಗುತ್ತವೆ ಎಂದು ಪರೀಕ್ಷಿಸುವ ಕೆಲಸವನ್ನು ಮಾಡಿದೆ; ಅದು ಉಪಯುಕ್ತವೂ ಹೌದು. ಆದರೆ ಬೇರೊಬ್ಬರ ಅಳತೆಗೆ ಹೊಲಿದ ಅಂಗಿಗಳಲ್ಲಿ ತಕ್ಕಮಟ್ಟಿಗೆ ಹೊಂದುವುದನ್ನು ಆರಿಸುವುದಕ್ಕೂ, ಅಳತೆ ತೆಗೆದು ಅಂಗಿ ಹೊಲಿಸುವುದಕ್ಕೂ ಅಂತರವಿದೆ.

ಈ ಅಂತರವನ್ನು ಕಡೆಗಣಿಸಿದರೆ ಏನಾಗಬಹುದು ಎಂಬುದನ್ನು ಶ್ರೀಲಂಕಾ ತೋರಿಸಿಕೊಟ್ಟಿತು. 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತನೆ ನಿಷೇಧಿಸಿತು; ಕೆಲವೇ ತಿಂಗಳಲ್ಲಿ, ಅದೇ ವರ್ಷದ ನವೆಂಬರಿನಲ್ಲಿ, ಆ ನಿಷೇಧವನ್ನು ಹಿಂತೆಗೆದುಕೊಳ್ಳಬೇಕಾಯಿತು. ಭತ್ತದ ಇಳುವರಿ ಕುಸಿಯಿತು, ರೈತರಿಗೆ ಪರಿಹಾರ ಕೊಡಬೇಕಾಯಿತು, ಅಕ್ಕಿಯನ್ನು ಹೊರಗಿನಿಂದ ತರಿಸಬೇಕಾಯಿತು. ಸಾಕಷ್ಟು ಸಾವಯವ ಗೊಬ್ಬರದ ವ್ಯವಸ್ಥೆ ಇರಲಿಲ್ಲವೆಂಬುದು ಎಲ್ಲರೂ ಹೇಳುವ ಕಾರಣ. ಅಷ್ಟಾಗಿ ಚರ್ಚೆಯಾಗದ ಮತ್ತೊಂದು ಕಾರಣವೆಂದರೆ, ಅಲ್ಲಿನ ಗದ್ದೆಗಳ ಬಹುಪಾಲು ಭತ್ತ ಗೊಬ್ಬರಕ್ಕೆ ಸ್ಪಂದಿಸಲೆಂದೇ ರೂಪುಗೊಂಡ ಆಧುನಿಕ ತಳಿಗಳದ್ದು. ಸರ್ಕಾರಿ ಆದೇಶದಿಂದ ಬಂದರಿನಲ್ಲಿ ಯೂರಿಯಾ ಹಡಗನ್ನು ತಡೆಯಬಹುದು. ಗದ್ದೆಯಲ್ಲಿರುವ ಪೈರಿನ ಹಸಿವನ್ನು ತಡೆಯಲಾಗದು. ಸಾವಯವದ ಹೆಸರಿನಲ್ಲಿ ರಾಜಕೀಯ ಘೋಷಣೆಗಳನ್ನು ಮಾಡುವ ಎಲ್ಲ ಪಕ್ಷಗಳಿಗೂ ಇದು ಪಾಠವಾಗಬೇಕಿತ್ತು.

ಈ ಹಂತದಲ್ಲಿ ಒಂದು ಉತ್ತರ ಸಾಮಾನ್ಯವಾಗಿ ಕೇಳಿಬರುತ್ತದೆ: ಹಿರಿಯರ ನಾಟಿ ತಳಿಗಳಿವೆಯಲ್ಲ, ಅವನ್ನೇ ಬಿತ್ತಿದರೆ ಸಾಕು. ನಾಟಿ ತಳಿಗಳನ್ನು ಉಳಿಸಿದವರಿಗೆ ದೇಶ ಋಣಿಯಾಗಿದೆ ಎಂಬುದರಲ್ಲಿ ಸಂಶಯವಿಲ್ಲ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ರಾಹಿಬಾಯಿ ಪೋಪೆರೆ ಅವರಿಗೂ, ಕಾಸರಗೋಡಿನ ಸತ್ಯನಾರಾಯಣ ಬೆಳೇರಿ ಅವರಿಗೂ ಪದ್ಮಶ್ರೀ ಸಂದದ್ದು ಈ ಸೇವೆಗಾಗಿಯೇ. ಕುಮಟಾ ತಾಲ್ಲೂಕಿನ ಅಘನಾಶಿನಿ ನದಿಮುಖದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ತಾಳಿ ನಿಲ್ಲುವ ಕಗ್ಗ ಭತ್ತದಂಥ ತಳಿ ಯಾವ ಪ್ರಯೋಗಾಲಯದಲ್ಲೂ ಹುಟ್ಟಿದ್ದಲ್ಲ. ಆದರೆ ಕಗ್ಗದ ಇಳುವರಿ ಕಡಿಮೆ. ರಾಜಮುಡಿಯಂಥ ರುಚಿಯಾದ ಅಕ್ಕಿಯ ಪೈರು ಎತ್ತರ ಬೆಳೆದು ಒರಗುತ್ತದೆ. ಸಾಲ ಮಾಡಿ ಬಿತ್ತಿದ ರೈತನಿಗೆ ಪರಂಪರೆಯ ಹೆಮ್ಮೆಯಷ್ಟೇ ಸಾಲುವುದಿಲ್ಲ. ನಗರದ ಗ್ರಾಹಕನ ಭಾವುಕತೆಯ ಬೆಲೆಯನ್ನು ಅವನ ಕಣಜದಿಂದ ತುಂಬಿಸಿಕೊಳ್ಳುವುದು ನ್ಯಾಯವೂ ಅಲ್ಲ. ನಾಟಿ ತಳಿಗಳು ಮೂಲಧನ. ದೆಹಲಿಯ ಪೂಸಾ ಆವರಣದಲ್ಲಿರುವ ರಾಷ್ಟ್ರೀಯ ವಂಶವಾಹಿ ಭಂಡಾರದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಬೀಜ ಮಾದರಿಗಳು ತಣ್ಣಗೆ ಮಲಗಿವೆ. ಮೂಲಧನವನ್ನು ತಿಜೋರಿಯಲ್ಲಿಟ್ಟು ಕಾಯುವುದು ರಕ್ಷಣೆ. ಅದನ್ನು ದುಡಿಸುವುದು ತಳಿ ಅಭಿವೃದ್ಧಿ. ಕಗ್ಗದ ತಾಳಿಕೆಯನ್ನೂ ಇನ್ನೊಂದು ತಳಿಯ ಇಳುವರಿಯನ್ನೂ ಕೂಡಿಸಿ, ಅದರ ಸಂತತಿಯನ್ನು ರೈತನ ಹೊಲದಲ್ಲೇ ಏಳೆಂಟು ತಲೆಮಾರು ಆರಿಸುತ್ತಾ ಹೋಗುವ ತಾಳ್ಮೆಯ ಕೆಲಸ ಅದು.

ಅಂಥ ತಾಳ್ಮೆಗೆ ಕನ್ನಡ ನಾಡಿನಲ್ಲೇ ಮಾದರಿಯಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಡಾ. ಲಕ್ಷ್ಮಣಯ್ಯ ಅವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ‘ಇಂಡಾಫ್’ ಸರಣಿಯ ತಳಿಗಳನ್ನು ಕೊಟ್ಟರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಅನಂತರ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಂದ ಜಿಪಿಯು-28 ತಳಿ, ರಾಗಿಯನ್ನು ಕಾಡುವ ಬೆಂಕಿ ರೋಗಕ್ಕೆ ನಿರೋಧಕ ಶಕ್ತಿ ಪಡೆದಿದ್ದರಿಂದ ಮನೆಮಾತಾಯಿತು. ಇವು ಸಾವಯವವೆಂಬ ಹೆಸರಿನಲ್ಲಿ ಹುಟ್ಟಿದವಲ್ಲ. ಆದರೂ ಮೂರು ಗುಣಗಳು ಇಲ್ಲಿ ಗಮನಾರ್ಹ: ಸಾರ್ವಜನಿಕ ಹಣದಿಂದ ರೂಪುಗೊಂಡವು, ರೈತನು ಬೆಳೆದ ಬೀಜವನ್ನೇ ಮರುವರ್ಷ ಬಿತ್ತಬಹುದಾದವು, ಔಷಧಿಯ ಡಬ್ಬಿ ಮಾಡುವ ಕೆಲಸದ ಒಂದು ಭಾಗವನ್ನು ತಳಿಯೇ ಮಾಡಬಲ್ಲದೆಂದು ತೋರಿಸಿದವು.

ಹತ್ತಿಯ ಕಥೆ ಇದಕ್ಕೆ ವಿರುದ್ಧವಾದದ್ದು. ಬಟ್ಟೆ ವ್ಯಾಪಾರದಲ್ಲಿ ತೊಡಗಿರುವ ಅನೇಕ ಜೈನ ಮನೆತನಗಳಿಗೆ ಅದು ಹತ್ತಿರದ್ದೂ ಹೌದು. ಸ್ವಾತಂತ್ರ್ಯದ ಹೊತ್ತಿಗೆ ಭಾರತದ ಹತ್ತಿಯ ಬಹುಪಾಲು ದೇಸಿ ಜಾತಿಗಳದ್ದಾಗಿತ್ತು. ಧಾರವಾಡದ ಕಪ್ಪು ಮಣ್ಣಿನಲ್ಲಿ ಮಳೆಯನ್ನೇ ನಂಬಿ ಬೆಳೆಯುತ್ತಿದ್ದ ಜಯಧರ ಅಂಥ ಒಂದು ದೇಸಿ ಹತ್ತಿ. 1972ರಲ್ಲಿ ಅದೇ ಧಾರವಾಡದಿಂದ ವರಲಕ್ಷ್ಮಿ ಎಂಬ ಹೈಬ್ರಿಡ್ ಬಂತು. ಉದ್ದ ಎಳೆಯ ಹತ್ತಿ, ಹೆಚ್ಚು ಇಳುವರಿ, ಜೊತೆಗೆ ಹೆಚ್ಚು ಆರೈಕೆಯ ಬೇಡಿಕೆ. 2002ರಲ್ಲಿ ಕುಲಾಂತರಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಅದು ದೇಶದ ಹತ್ತಿ ಕ್ಷೇತ್ರದ ಶೇ 90ಕ್ಕೂ ಹೆಚ್ಚು ಭಾಗವನ್ನು ಆವರಿಸಿತು. ಕಾಯಿಕೊರಕದ ಕಾಟ ಮೊದಮೊದಲು ಇಳಿದರೂ ಗುಲಾಬಿ ಕಾಯಿಕೊರಕ ಕ್ರಮೇಣ ಅದನ್ನೂ ಜೀರ್ಣಿಸಿಕೊಂಡಿತು. ಕುಲಾಂತರಿ ಬೀಜಕ್ಕೆ ಸಾವಯವ ಪದ್ಧತಿಯಲ್ಲಿ ಪ್ರವೇಶವಿಲ್ಲ. ಬೀಜ ಕಂಪನಿಗಳು ಕುಲಾಂತರಿಯಲ್ಲದ ಬೀಜದ ಉತ್ಪಾದನೆಯನ್ನೇ ಕೈಬಿಡತೊಡಗಿದಾಗ ಸಾವಯವ ಹತ್ತಿ ಬೆಳೆಗಾರನಿಗೆ ಬಿತ್ತಲು ಬೀಜವೇ ಇಲ್ಲದ ಸ್ಥಿತಿ ಬಂತು. 2011ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸೇರಿದ ವಿಜ್ಞಾನಿಗಳು ಮತ್ತು ಸಾವಯವ ಸಂಘಟನೆಗಳವರು ಈ ಬಗ್ಗೆ ಎಚ್ಚರಿಸುವ ‘ಧಾರವಾಡ ಘೋಷಣೆ’ಯನ್ನು ಹೊರಡಿಸಿದರು. ಸ್ವಿಟ್ಜರ್‌ಲೆಂಡಿನ ಸಾವಯವ ಕೃಷಿ ಸಂಶೋಧನಾ ಸಂಸ್ಥೆ, ಮಧ್ಯಪ್ರದೇಶದ ಖರ್ಗೋನ್ ಜಿಲ್ಲೆಯ ರೈತರ ಸಂಸ್ಥೆ ಹಾಗೂ ಇಲ್ಲಿನ ಕೃಷಿ ವಿಶ್ವವಿದ್ಯಾಲಯಗಳು ಕೂಡಿ, ರೈತರೇ ಹೊಲದಲ್ಲಿ ಗಿಡಗಳನ್ನು ಆರಿಸುವ ತಳಿ ಅಭಿವೃದ್ಧಿಯನ್ನು ಕೈಗೊಂಡವು. ಆ ದುಡಿಮೆ ಫಲ ಕೊಡಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಸಾವಯವ ಹತ್ತಿಯ ಅಂಗಿಗೆ ಮುಂಬಯಿಯ ಅಂಗಡಿಯಲ್ಲಿ ಹೆಚ್ಚಿನ ಬೆಲೆ ಕಟ್ಟುವವರಲ್ಲಿ ಎಷ್ಟು ಮಂದಿ ಆ ದೀರ್ಘ ಕೆಲಸಕ್ಕೆ ಕೈಜೋಡಿಸಿದ್ದರು?

ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಸಾವಯವ ಪದಾರ್ಥ ಕೊಳ್ಳುವುದು ಆಯಾ ವರ್ಷದ ಚಾಲ್ತಿ ವೆಚ್ಚ. ತಳಿ ಅಭಿವೃದ್ಧಿ ಬಂಡವಾಳ ವೆಚ್ಚ. ಚಾಲ್ತಿ ವೆಚ್ಚ ಎಷ್ಟೇ ದೊಡ್ಡದಿದ್ದರೂ ಆಸ್ತಿಪಟ್ಟಿಯಲ್ಲಿ ಏನನ್ನೂ ಉಳಿಸುವುದಿಲ್ಲ. ಇಡೀ ಸಾವಯವ ಕ್ಷೇತ್ರ ಬಂಡವಾಳವಿಲ್ಲದೆ ವಹಿವಾಟು ನಡೆಸುವ ಅಂಗಡಿಯಂತಾಗಿದೆ. ಸರ್ಕಾರದ ಲೆಕ್ಕವೂ ಇದೇ ರೀತಿಯದು. 2024-25ರ ಕೇಂದ್ರ ಮುಂಗಡಪತ್ರದಲ್ಲಿ ರಸಗೊಬ್ಬರ ಸಬ್ಸಿಡಿಗೆ ಸುಮಾರು 1.64 ಲಕ್ಷ ಕೋಟಿ ರೂಪಾಯಿ ಮೀಸಲಾಗಿತ್ತು. ದೇಶದ ಕೃಷಿ ಸಂಶೋಧನೆ ಮತ್ತು ಶಿಕ್ಷಣ ಇಲಾಖೆಯ ಇಡೀ ಪಾಲು 9,941 ಕೋಟಿ. ಗೊಬ್ಬರಕ್ಕೆ ಹದಿನಾರು ರೂಪಾಯಿ ಹೋದರೆ ಎಲ್ಲ ಬೆಳೆ, ಜಾನುವಾರು, ಮೀನು, ಕಾಲೇಜು, ಸಂಬಳಗಳನ್ನೊಳಗೊಂಡ ಸಂಶೋಧನೆಗೆ ಒಂದು ರೂಪಾಯಿ. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸಂಪುಟ 2,481 ಕೋಟಿ ರೂಪಾಯಿಯ ರಾಷ್ಟ್ರೀಯ ನೈಸರ್ಗಿಕ ಕೃಷಿ ಅಭಿಯಾನಕ್ಕೆ ಒಪ್ಪಿಗೆ ನೀಡಿತು. ಒಂದು ಕೋಟಿ ರೈತರು, ಏಳೂವರೆ ಲಕ್ಷ ಹೆಕ್ಟೇರು, 10,000 ಜೈವಿಕ ಒಳಸುರಿ ಕೇಂದ್ರಗಳು ಅದರ ಘೋಷಿತ ಗುರಿಗಳು. ಉದ್ದೇಶ ಒಳ್ಳೆಯದೇ. ಆದರೆ ಆ ಪ್ರಮುಖ ಗುರಿಗಳ ಸಾಲಿನಲ್ಲಿ ಇಷ್ಟು ಹೊಸ ತಳಿಗಳು ಎಂಬ ಸಂಖ್ಯೆಯಿಲ್ಲ. ಜೀವಾಮೃತದ ಡ್ರಮ್ಮಿಗೆ ಸಂಖ್ಯೆ ಸಿಕ್ಕಿತು, ಬೀಜಕ್ಕೆ ಸಿಗಲಿಲ್ಲ. 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿ ಮುಂದಾಳುತನ ತೋರಿದ ಕರ್ನಾಟಕದಲ್ಲೂ ಎರಡು ದಶಕಗಳ ನಂತರ ಸಾವಯವ ಹೊಲಕ್ಕೆಂದೇ ರೂಪಿಸಿದ ತಳಿಯ ಹೆಸರು ರೈತನ ಬಾಯಲ್ಲಿ ಸುಲಭವಾಗಿ ಬರುವುದಿಲ್ಲ.

ಯುರೋಪ್ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. 2022ರ ಜನವರಿಯಿಂದ ಅನ್ವಯವಾದ ಅಲ್ಲಿನ ಸಾವಯವ ಕಾನೂನು, ಸಾವಯವಕ್ಕೆಂದೇ ರೂಪುಗೊಂಡ ತಳಿಗಳನ್ನೂ, ಒಂದೇ ಹೊಲದಲ್ಲಿ ವೈವಿಧ್ಯ ಕಾಯ್ದುಕೊಳ್ಳುವ ಮಿಶ್ರ ಬೀಜ ಸಮೂಹಗಳನ್ನೂ ಗುರುತಿಸಿದೆ; ಸಾಮಾನ್ಯ ಬೀಜ ಬಳಸಲು ಈಗಿರುವ ವಿನಾಯಿತಿಯನ್ನು 2036ರ ಕೊನೆಗೆ ಮುಗಿಸುವುದಾಗಿ ಹೇಳಿದೆ. ಗಡುವು ಗೊತ್ತಿದ್ದರೆ ಹೂಡಿಕೆ ತಾನಾಗಿ ದಾರಿ ಹುಡುಕುತ್ತದೆ.

ರೈತರ ಪಾಲಿನ ಪ್ರಶ್ನೆಯೂ ಇಲ್ಲಿದೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ನಾಂದೇಡ್ ಎಂಬ ಹಳ್ಳಿಯಲ್ಲಿ ದಾದಾಜಿ ಖೋಬ್ರಾಗಡೆ ಎಂಬ ಬಡ ದಲಿತ ರೈತ 1983ರಲ್ಲಿ ತಮ್ಮ ಗದ್ದೆಯಲ್ಲಿ ಬೇರೆಯಾಗಿ ಕಂಡ ಕೆಲವು ತೆನೆಗಳನ್ನು ಕಿತ್ತಿಟ್ಟು, ವರ್ಷದಿಂದ ವರ್ಷಕ್ಕೆ ಆರಿಸಿ ಬೆಳೆಸಿ, ಸಣ್ಣಕಾಳಿನ ಹೊಸ ಭತ್ತವೊಂದನ್ನು ಕಂಡರು. ಆಗ ಜನಪ್ರಿಯವಾಗಿದ್ದ ಕೈಗಡಿಯಾರದ ಹೆಸರಿನಿಂದ ಅದು ಎಚ್‌ಎಂಟಿ ಅಕ್ಕಿಯಾಯಿತು. ಆ ಬೀಜ 1994ರಲ್ಲಿ ಕೃಷಿ ವಿಶ್ವವಿದ್ಯಾಲಯದ ಕೈ ಸೇರಿ, 1998ರಲ್ಲಿ ಪಿಕೆವಿ-ಎಚ್‌ಎಂಟಿ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಪುಣೆ, ಹೈದರಾಬಾದುಗಳ ಎಷ್ಟೋ ಮನೆಗಳಲ್ಲಿ ಆ ಅಕ್ಕಿ ಬೆಂದಿದೆ. ದಾದಾಜಿ ಪ್ರಶಸ್ತಿಗಳನ್ನೂ ಬಡತನವನ್ನೂ ಒಟ್ಟಿಗೆ ಅನುಭವಿಸಿ 2018ರಲ್ಲಿ ತೀರಿಕೊಂಡರು. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಈಗ ರೈತನ ತಳಿಯನ್ನು ನೋಂದಾಯಿಸಲು ಅವಕಾಶ ಕೊಟ್ಟಿದೆ. ಬೀಜವನ್ನು ಉಳಿಸುವ, ಮರುಬಿತ್ತುವ, ಹಂಚಿಕೊಳ್ಳುವ, ಬ್ರ್ಯಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನೂ ಅದರ 39ನೆಯ ಕಲಮು ಕಾಪಾಡಿದೆ. ಸಾವಯವ ತಳಿ ಅಭಿವೃದ್ಧಿಗೆ ಬರುವ ಪ್ರತಿ ರೂಪಾಯಿಗೂ ಒಂದು ಷರತ್ತಿರಬೇಕು: ಆರಿಸಿದ ರೈತನ ಹೆಸರು ದಾಖಲಾಗಬೇಕು, ತಳಿಯ ಬೀಜ ಎಲ್ಲರಿಗೂ ಮುಕ್ತವಾಗಿರಬೇಕು.

ಜೈನ ಸಮಾಜಕ್ಕೆ ಇದರಲ್ಲಿ ಏನು ಕೆಲಸ ಎಂದು ಕೇಳುವವರಿಗೆ ಉತ್ತರ ಸಮಾಜದ ಪರಂಪರೆಯಲ್ಲೇ ಇದೆ. ಆದಿನಾಥನು ಲೋಕಕ್ಕೆ ಕಲಿಸಿದ ಆರು ಜೀವನೋಪಾಯಗಳಲ್ಲಿ ಅಸಿ, ಮಸಿಗಳ ನಂತರ ಬರುವುದು ಕೃಷಿ. ಬೆಳಗಾವಿ, ಸಾಂಗ್ಲಿ, ಕೊಲ್ಹಾಪುರ ಸೀಮೆಯ ಜೈನರಲ್ಲಿ ಇಂದಿಗೂ ನೇಗಿಲು ಹಿಡಿದವರು ಬಹುಸಂಖ್ಯೆಯಲ್ಲಿದ್ದಾರೆ. ನಗರಗಳ ಅನೇಕ ಕುಟುಂಬಗಳು ಅಲ್ಲಿಂದಲೇ ಹೊರಟು ಬಂದವು. ಬೇಸಾಯದಲ್ಲಿ ಹಿಂಸೆ ಅನಿವಾರ್ಯವೆಂದು ಶಾಸ್ತ್ರ ಬಲ್ಲದು. ಅದಕ್ಕಾಗಿಯೇ ಸಂಕಲ್ಪೀ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಿಂದ ಬೇರ್ಪಡಿಸಿತು. ನೇಗಿಲಿನ ಮೊನೆಗೆ ಸಿಕ್ಕು ಸಾಯುವ ಜೀವಿಯ ಬಗ್ಗೆ ಗೃಹಸ್ಥನಿಗೆ ವಿನಾಯಿತಿಯಿದ್ದರೂ, ಕೊಲ್ಲಲೆಂದೇ ವಿಷ ಸಿಂಪಡಿಸುವುದಕ್ಕೆ ಆ ವಿನಾಯಿತಿಯನ್ನು ಎಷ್ಟು ದೂರ ಎಳೆಯಬಹುದು? ಶ್ರಾವಕನು ತ್ಯಜಿಸಬೇಕಾದ ಹದಿನೈದು ವೃತ್ತಿಗಳಲ್ಲಿ ವಿಷವಾಣಿಜ್ಯವೂ ಒಂದು. ರೋಗವನ್ನೂ ಕೀಟವನ್ನೂ ತಾನೇ ತಾಳಿಕೊಳ್ಳುವ ತಳಿ ಬಂದಾಗ ಆ ವಿಷದ ಅಗತ್ಯವೇ ಕುಗ್ಗುತ್ತದೆ. ಈರುಳ್ಳಿ ಬಿಟ್ಟವರ ಸಂಖ್ಯೆಗಿಂತ ಇದು ಉಳಿಸುವ ಜೀವಿಗಳ ಸಂಖ್ಯೆ ಖಂಡಿತ ದೊಡ್ಡದು. ಆದರೆ ಸಮಾಜದ ದಾನದ ಹರಿವು ಶಿಲಾಮಂದಿರ, ಪಂಚಕಲ್ಯಾಣ, ಭೋಜನಶಾಲೆ, ಗೋಶಾಲೆಗಳ ಕಡೆಗಿದೆ. ಇವಾವುವೂ ನಿಲ್ಲಬೇಕಿಲ್ಲ. ಗೋಶಾಲೆಯ ಗೊಬ್ಬರ ಹೋಗುವ ಹೊಲಕ್ಕೆ ಆ ಗೊಬ್ಬರವನ್ನು ಬಳಸಬಲ್ಲ ಬೀಜವೂ ಹೋಗಲಿ ಎಂಬಷ್ಟೇ ಮಾತು.

ಇದಕ್ಕೆ ಕಾನೂನಿನ ದಾರಿಗಳು ತೆರೆದಿವೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. ಅದರ ಏಳನೆಯ ಅನುಸೂಚಿ, ಸಾರ್ವಜನಿಕ ಹಣದ ವಿಶ್ವವಿದ್ಯಾಲಯಗಳಿಗೂ ಭಾರತೀಯ ಕೃಷಿ ಸಂಶೋಧನಾ ಮಂಡಳಿಗೂ ಸಂಶೋಧನೆಗಾಗಿ ನೀಡುವ ಹಣವನ್ನು ಅರ್ಹ ವೆಚ್ಚವೆಂದು ಹೆಸರಿಸಿದೆ. ಜೈನ ಉದ್ಯಮಿಗಳ ಕಂಪನಿಗಳ ಆಡಳಿತ ಮಂಡಳಿಗಳಲ್ಲಿ ಈ ಸಾಲನ್ನು ಓದಿ ಠರಾವು ಮಾಡಿದ್ದು ವಿರಳ. ಒಂದು ಕಾಲದಲ್ಲಿ ಅನುಮೋದಿತ ವೈಜ್ಞಾನಿಕ ಸಂಶೋಧನೆಗೆ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯಲ್ಲಿ ಶೇ 175ರ ಕಡಿತ ಸಿಗುತ್ತಿತ್ತು. 2017ರ ಏಪ್ರಿಲಿನಿಂದ ಅದು ಶೇ 150ಕ್ಕೂ, 2020ರ ಏಪ್ರಿಲಿನಿಂದ ಶೇ 100ಕ್ಕೂ ಇಳಿಯಿತು. ಸಾವಯವದ ಪರವಾಗಿ ಭಾಷಣ ಮಾಡುವ ಸರ್ಕಾರ, ಕನಿಷ್ಠ ಸಾರ್ವಜನಿಕ ಬೀಜ ಸಂಶೋಧನೆಗಾದರೂ ಹಳೆಯ ಪ್ರೋತ್ಸಾಹವನ್ನು ಮರಳಿ ಕೊಡಬೇಕೆಂದು ಸಮಾಜದ ವಾಣಿಜ್ಯ ಸಂಘಟನೆಗಳು ಒತ್ತಾಯಿಸಬಹುದು. ತೆರಿಗೆ ದರದ ಬಗ್ಗೆ ಮನವಿ ಸಲ್ಲಿಸುವಾಗ ತೋರುವ ಉತ್ಸಾಹದ ಹತ್ತನೆಯ ಒಂದು ಪಾಲು ಇದಕ್ಕೆ ಸಾಕು.

ಹೊರನಾಡಿನ ಕುಟುಂಬಗಳಿಗೆ ಈ ಸಂಸ್ಥೆಗಳು ದೂರವೂ ಇಲ್ಲ. ಹತ್ತಿಯ ಎಳೆಯ ಗುಣವನ್ನು ಅಳೆಯುವ ಕೇಂದ್ರ ಸಂಸ್ಥೆ ಇರುವುದು ಮುಂಬಯಿಯ ಮಾಟುಂಗಾದಲ್ಲಿಯೇ. ಹೈದರಾಬಾದಿನ ರಾಜೇಂದ್ರನಗರದಲ್ಲಿ ಭತ್ತದ ಸಂಸ್ಥೆಯೂ ಸಿರಿಧಾನ್ಯದ ಸಂಸ್ಥೆಯೂ ಇವೆ. ಅಹಮದ್‌ನಗರ ಜಿಲ್ಲೆಯಾಗಿದ್ದ ನಾಡಿನ ರಾಹುರಿಯಲ್ಲಿ ಕೃಷಿ ವಿದ್ಯಾಪೀಠವಿದೆ, ಚೆನ್ನೈಯಲ್ಲಿ ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನವಿದೆ, ದೆಹಲಿಯಲ್ಲಿ ಪೂಸಾ ಇದೆ. ಪ್ರತಿ ನಗರದ ಸಮಾಜವೂ ಒಂದೊಂದು ಬೆಳೆಯನ್ನು ಹತ್ತು ವರ್ಷದ ಮಟ್ಟಿಗೆ ದತ್ತು ತೆಗೆದುಕೊಳ್ಳುವ ಯೋಚನೆ ಕಲ್ಪನೆಗೆ ಮೀರಿದ್ದೇನಲ್ಲ: ಪುಣೆಗೆ ಜೋಳ, ಹೈದರಾಬಾದಿಗೆ ತೊಗರಿ, ಮುಂಬಯಿಗೆ ದೇಸಿ ಹತ್ತಿ. ಒಬ್ಬ ತಳಿ ವಿಜ್ಞಾನಿಯ ಸಂಶೋಧನಾ ವೇತನ, ಹತ್ತಾರು ರೈತರ ಹೊಲದ ಪ್ರಯೋಗ ತಾಕು, ಇಳುವರಿ ಸೋತ ವರ್ಷ ಆ ರೈತರಿಗೆ ಪರಿಹಾರ. ಇಷ್ಟೇ ಆ ದತ್ತಿನ ವೆಚ್ಚಪಟ್ಟಿ.

ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಗಳೂ ಸರಳ. ಸಮನ್ವಯ ಯೋಜನೆಗಳ ಪ್ರತಿ ಬೆಳೆಯ ಪರೀಕ್ಷೆಯಲ್ಲೂ ಸಾವಯವ ತಾಕಿನ ಪ್ರತ್ಯೇಕ ಸಾಲು ಇರಬೇಕು, ಅಲ್ಲಿ ಗೆದ್ದ ತಳಿಗೆ ಪ್ರತ್ಯೇಕ ಅಧಿಸೂಚನೆ ಸಿಗಬೇಕು. ನೈಸರ್ಗಿಕ ಕೃಷಿ ಅಭಿಯಾನದ ಹಣದಲ್ಲಿ ಒಂದು ನಿಶ್ಚಿತ ಪಾಲು ತಳಿ ಅಭಿವೃದ್ಧಿಗೆ ಮೀಸಲಾಗಿ, ಅದು ವರ್ಷಾಂತ್ಯದಲ್ಲಿ ಮುರುಟಿಹೋಗದ ಹತ್ತು ವರ್ಷದ ನಿಧಿಯಾಗಬೇಕು. ಮಾರ್ಚ್ 31ಕ್ಕೆ ಮುಗಿಯುವ ಅನುದಾನದಿಂದ ಏಳು ತಲೆಮಾರಿನ ಆಯ್ಕೆ ನಡೆಯಲಾರದು.

ಇಂಥ ದಾನದಲ್ಲಿ ಒಂದು ಕೊರತೆಯಿದೆ ಎಂಬುದನ್ನೂ ಮರೆಮಾಚಬೇಕಿಲ್ಲ. ದಾನಿಯ ಹೆಸರನ್ನು ಕೆತ್ತಲು ಇಲ್ಲಿ ಗೋಡೆಯಿಲ್ಲ. ಫಲ ಕಾಣಲು ಹತ್ತು ವರ್ಷ ಬೇಕು. ಕೆಲವು ಪ್ರಯತ್ನಗಳು ಸೋಲುತ್ತವೆ. ಸಾವಿರ ವರ್ಷಗಳ ಹಿಂದೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಬಸದಿಗಳನ್ನೂ ಕಟ್ಟಿಸಿದ ಆ ದಾನಚಿಂತಾಮಣಿ, ಓಲೆಗರಿಯ ಪ್ರತಿಗಳು ಕೈಯಿಂದ ಕೈಗೆ ಹೋಗಿ ಮತ್ತೆ ಪ್ರತಿಯಾಗುತ್ತವೆ ಎಂಬುದನ್ನು ಬಲ್ಲವಳಾಗಿದ್ದಳು. ಬೀಜವೂ ಅದೇ ಬಗೆಯ ವಸ್ತು. ಒಂದು ಒಳ್ಳೆಯ ತೆನೆ ಮರುವರ್ಷ ಒಂದು ಸಾಲಾಗುತ್ತದೆ, ಮೂರನೆಯ ವರ್ಷ ಒಂದು ಮಡಿಯಾಗುತ್ತದೆ, ಅನಂತರ ಊರೂರಿಗೆ ಹರಡುತ್ತದೆ. ಈ ವರ್ಷದ ದಶಲಕ್ಷಣ ಪರ್ವದಲ್ಲಿ ದಾನದ ಘೋಷಣೆಗಳನ್ನು ಓದುವಾಗ ಪಟ್ಟಿಯ ಕೊನೆಯಲ್ಲಾದರೂ ಒಂದು ಸಾಲು ಬೀಜಕ್ಕೆಂದು ಸೇರಲಿ.